ಛಾಯಾಚಿತ್ರ ಚಿಕ್ಕದಾದ ಕಥೆ



ಕಾರ್ಯಕ್ರಮವೊಂದರ ತಯಾರಿಯಲ್ಲಿದ್ದಾಗ ನಡೆದ ಸಣ್ಣ ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತೇನೆ.

ಚಿತ್ತಾಪುರ ಸೀಮೆಯಲ್ಲಿ, ಭೀಮಾ ನದಿಯ ದಂಡೆಯ ಮೇಲೆ ಸನ್ನತಿ ಎಂಬ ಊರಿದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಚಾವಣಿ ಕುಸಿಯಿತು. ಆಗ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಅಶೋಕನ ಶಾಸನ ಇರುವುದು ಬೆಳಕಿಗೆ ಬಂತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿದಾಗ ದೊಡ್ಡದೊಂದು ಬೌದ್ಧ ಸ್ತೂಪದ ಅವಶೇಷ ದೊರೆಯಿತು. ಅದರ ಒಂದು ಫಲಕದಲ್ಲಿ ಪರಿವಾರದೊಡನೆ ನಿಂತ ಅರಸನ ಉಬ್ಬುಶಿಲ್ಪವಿದೆ. ಅಲ್ಲೇ ಬ್ರಾಹ್ಮಿಯಲ್ಲಿ ಅವನ ಹೆಸರು ಅಶೋಕ ಎಂದು ಕೆತ್ತಿದೆ. ಅಶೋಕನ ಹೆಸರನ್ನೇ ಹೊತ್ತ ಅವನ ಚಿತ್ರ ಸಿಕ್ಕಿದ್ದು ನಮ್ಮ ಈ ಬಿಸಿಲು ನಾಡಿನಲ್ಲಿ.

ಆ ಫಲಕದ ಚಿತ್ರ ಬೇಕೆಂದು ನಾನು ಚಿತ್ತಾಪುರದ ಒಬ್ಬ ಕಾಲೇಜು ವಿದ್ಯಾರ್ಥಿಯನ್ನು ಕೇಳಿದ್ದೆ. ಹುಡುಗ ಉತ್ಸಾಹದಿಂದ ಹೋಗಿ ತೆಗೆದು ಫೋನಿನಿಂದಲೇ ಕಳಿಸಿದ. ಶಿಲ್ಪ ಚೆನ್ನಾಗಿಯೇ ಬಂದಿತ್ತು. ಆದರೆ ಅಕ್ಷರಗಳನ್ನು ಹಿಗ್ಗಿಸಿ ನೋಡಿದರೆ ಓದುವಂತಿರಲಿಲ್ಲ. ಬ್ರಾಹ್ಮಿಯಲ್ಲಿ ‘ಕ’ ಅಕ್ಷರ ಕೂಡಿಸುವ ಚಿಹ್ನೆಯಂತೆ ಇರುತ್ತದೆ. ಅದು ಒಂದು ಮಸುಕು ಕಲೆಯಾಗಿತ್ತು. ಅಕ್ಷರದ ತಲೆಯ ಅಕ್ಕಪಕ್ಕದಲ್ಲಿ ಎಳೆಯುವ ಪುಟ್ಟ ಅಡ್ಡಗೆರೆಗಳೇ ಅಲ್ಲಿ ಓಕಾರದ ಗುರುತು. ಅವು ಕಾಣಿಸುತ್ತಲೇ ಇರಲಿಲ್ಲ. ಫೋನ್ ಮಾಡಿದೆ. “ಕಲ್ಲಿನ ಮ್ಯಾಲ ಛಂದ ಕಾಣ್ತದ್ರಿ ಸರ್, ಫೋಟೋದಾಗ ಯಾಕ ಅಳಿಸಿ ಹೋಗ್ಯಾದ?” ಎಂದು ಅವನೇ ನನ್ನನ್ನು ಕೇಳಿದ.

ಒಳ್ಳೆಯ ಪ್ರಶ್ನೆ. ಸಾವಿರಾರು ವರ್ಷ ಕಲ್ಲಿನಲ್ಲಿ ಉಳಿದ ಅಕ್ಷರ, ಚಿತ್ತಾಪುರದಿಂದ ಬೆಂಗಳೂರಿಗೆ ಬರುವ ಕೆಲವೇ ಕ್ಷಣಗಳಲ್ಲಿ ಹೇಗೆ ಅಳಿಸಿತು? ಅಳಿಸಿದವರು ಯಾರು? ಪರದೆಯ ಮೇಲೆ ವಿವರಿಸಲು ಸಮಯ ಸಾಲದ ಈ ಪ್ರಶ್ನೆಗೆ ಇಲ್ಲಿ ಉತ್ತರ ಹೇಳುತ್ತೇನೆ. ಉತ್ತರದ ಒಂದು ತುದಿ ನಮ್ಮ ಜಿಲ್ಲೆಯ ಕಲ್ಲುಗಳಲ್ಲಿದೆ. ಇನ್ನೊಂದು ತುದಿ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಇಂಜಿನಿಯರರ ಲೆಕ್ಕದಲ್ಲಿದೆ.

ಕಲ್ಲಿನಿಂದ ಕಾಗದಕ್ಕೆ

ಒಂದು ವಸ್ತುವಿನ ರೂಪವನ್ನು ಬೇರೆಡೆಗೆ ಸಾಗಿಸಬೇಕಾದರೆ ಏನನ್ನಾದರೂ ಬಿಡಲೇಬೇಕು. ಕಲ್ಲನ್ನೇ ಹೊತ್ತುಕೊಂಡು ಹೋಗಲಾಗದು. ಹಾಗಾದರೆ ಏನನ್ನು ಬಿಡಬೇಕು, ಏನನ್ನು ಇಟ್ಟುಕೊಳ್ಳಬೇಕು? ಛಾಯಾಚಿತ್ರದ ಚರಿತ್ರೆಯೆಲ್ಲ ಈ ಪ್ರಶ್ನೆಗೆ ಕಾಲಕಾಲಕ್ಕೆ ಕೊಟ್ಟ ಉತ್ತರಗಳ ಚರಿತ್ರೆ ಎಂದರೂ ಸರಿಯೇ.

ಶಾಸನ ಸಂಶೋಧಕರ ಉತ್ತರ ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಬ್ರಷ್ಷಿನಿಂದ ಬಡಿದರೆ ಕಾಗದ ಅಕ್ಷರದ ಕುಳಿಗಳೊಳಕ್ಕೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದರೆ ಕಲ್ಲಿನ ಮೈ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇಲ್ಲಿ ಕಲ್ಲಿನ ಬಣ್ಣ ಹೋಯಿತು, ನೆರಳು ಹೋಯಿತು, ಸುತ್ತಲಿನ ಗುಡಿ ಹೋಯಿತು. ಉಳಿದದ್ದು ಅಕ್ಷರ ಮಾತ್ರ. ಬಿಟ್ಟದ್ದೆಲ್ಲ ಅಕ್ಷರದ ಸಲುವಾಗಿಯೇ ಬಿಟ್ಟದ್ದು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಮತ್ತೆ ಬೇಕಾಗುತ್ತದೆ.

ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ 1914ರಲ್ಲಿ ಪುರಾತತ್ತ್ವ ಇಲಾಖೆ ಆರಂಭವಾಯಿತು. ಗುಲಾಮ್ ಯಜ್ದಾನಿ ಅದರ ನಿರ್ದೇಶಕರಾಗಿದ್ದರು. ಚಿತ್ತಾಪುರದ ಬಳಿಯ ನಾಗಾವಿಯ ಶಾಸನಗಳು ಆ ಇಲಾಖೆಯ ಗ್ರಂಥಮಾಲೆಯಲ್ಲಿ ಅಚ್ಚಾದವು. ಇಂಥ ಪುಸ್ತಕಗಳ ಬೆನ್ನೆಲುಬು ಪಡಿಯಚ್ಚುಗಳೇ.

ಛಾಯಾಗ್ರಹಣ ಇನ್ನೊಂದು ದಾರಿ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದ ಲಾಲಾ ದೀನ್ ದಯಾಳ್ (1844-1905) ಗಾಜಿನ ಫಲಕಗಳ ಮೇಲೆ ಚಿತ್ರ ತೆಗೆಯುತ್ತಿದ್ದರು. ಅವರ ಎರಡು ಸಾವಿರಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಗಾಜಿನ ಚಿತ್ರ ಬಹಳ ಸೂಕ್ಷ್ಮ. ಆದರೆ ಅದು ಒಡೆಯುವ, ಭಾರವಾದ ವಸ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾದಿ ತೆರೆದ ಮೇಲೆ ಮುಂಬೈ ಮತ್ತು ಹೈದರಾಬಾದುಗಳ ನಡುವಿನ ಸರಕೆಲ್ಲ ನಮ್ಮ ವಾಡಿಯ ಮೂಲಕ ಹೋಗತೊಡಗಿತು. ಆ ಕಾಲದಲ್ಲಿ ಚಿತ್ರವೂ ಸರಕೇ. ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ಸಾಗಿಸಬೇಕಾದ ಸರಕು.

ಕಣ್ಣಿನ ಔದಾರ್ಯ

ಮುಂದಿನ ಹೆಜ್ಜೆ ಪತ್ರಿಕೆಗಳದು. ಛಾಪಖಾನೆಯ ಮಸಿಗೆ ಕಪ್ಪು ಗೊತ್ತು, ಬೂದು ಬಣ್ಣ ಗೊತ್ತಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದಕ್ಕೊಂದು ಉಪಾಯ ಬಳಕೆಗೆ ಬಂತು. ಚಿತ್ರವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು, ಕತ್ತಲಿರುವಲ್ಲಿ ದೊಡ್ಡ ಚುಕ್ಕೆ, ಬೆಳಕಿರುವಲ್ಲಿ ಸಣ್ಣ ಚುಕ್ಕೆ ಇಟ್ಟು ಲೋಹದ ಬ್ಲಾಕ್ ಮಾಡಿಸುವುದು. ಹಳೆಯ ಪತ್ರಿಕೆಯ ಒಂದು ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿ. ಅಲ್ಲಿ ಮುಖವಿಲ್ಲ, ಬರೀ ಚುಕ್ಕೆಗಳಿವೆ. ಕನ್ನಡಿ ತೆಗೆದರೆ ಮುಖ ಮತ್ತೆ ಬರುತ್ತದೆ. ನಮ್ಮ ಕಣ್ಣು ಔದಾರ್ಯವುಳ್ಳದ್ದು. ಕಾಣದ್ದನ್ನು ತಾನೇ ತುಂಬಿಕೊಳ್ಳುತ್ತದೆ.

ಈ ಔದಾರ್ಯವನ್ನು ಲೆಕ್ಕ ಹಾಕಿ ಬಳಸಿಕೊಂಡದ್ದು ನನ್ನ ವೃತ್ತಿಯಾದ ದೂರದರ್ಶನ. ನಮ್ಮ ಕಣ್ಣು ಬೆಳಕು-ಕತ್ತಲೆಯ ವ್ಯತ್ಯಾಸವನ್ನು ಬಲು ಸೂಕ್ಷ್ಮವಾಗಿ ಗುರುತಿಸುತ್ತದೆ. ಬಣ್ಣದ ವ್ಯತ್ಯಾಸವನ್ನು ಅಷ್ಟು ಸೂಕ್ಷ್ಮವಾಗಿ ಗುರುತಿಸದು. 1938ರಲ್ಲಿ ಫ್ರಾನ್ಸಿನ ಜಾರ್ಜ್ ವಾಲೆನ್ಸಿ ಎಂಬವರು ಚಿತ್ರದ ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡಿ ಕಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. 1982ರಲ್ಲಿ ಭಾರತದಲ್ಲಿ ಬಣ್ಣದ ಪ್ರಸಾರ ಆರಂಭವಾದಾಗ ಬಳಸಿದ ಪಾಲ್ ಪದ್ಧತಿಯಲ್ಲಿ ಬೆಳಕಿಗೆ 5 ಮೆಗಾಹರ್ಟ್ಸ್ ಜಾಗ ಕೊಟ್ಟರೆ ಬಣ್ಣಕ್ಕೆ ಕೊಟ್ಟದ್ದು ಸುಮಾರು 1.3 ಮಾತ್ರ. ನೋಡಿದವರು ಯಾರೂ ಬಣ್ಣ ಕಡಿಮೆಯಾಯಿತೆಂದು ದೂರಲಿಲ್ಲ.

ಇಲ್ಲಿ ನಮ್ಮ ಜಿಲ್ಲೆಯ ಒಂದು ಹೆಮ್ಮೆಯನ್ನು ನೆನೆಯಬೇಕು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅದಕ್ಕೂ ಮೊದಲೇ, 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಚಿತ್ರ ತಲುಪಿತು. ಕರ್ನಾಟಕದಲ್ಲಿ ಆ ಹಳ್ಳಿಗಳಿದ್ದದ್ದು ಆಗಿನ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳಲ್ಲಿ. ರಾಜಧಾನಿಗಿಂತ ಮೊದಲು ನಮ್ಮ ಹಳ್ಳಿಯ ಕಟ್ಟೆಗಳ ಮುಂದೆ ಜನ ಸೇರಿ ಆಕಾಶದಿಂದ ಬಂದ ಚಿತ್ರ ನೋಡಿದರು.

ಚಿತ್ರ ಸಂಖ್ಯೆಯಾದಾಗ

1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬ ಇಂಜಿನಿಯರರು ತಮ್ಮ ಮೂರು ತಿಂಗಳ ಮಗುವಿನ ಛಾಯಾಚಿತ್ರವನ್ನು ಗಣಕಯಂತ್ರಕ್ಕೆ ಉಣಿಸಿದರು. ಅಡ್ಡ 176, ಉದ್ದ 176. ಒಟ್ಟು 30,976 ಬಿಂದುಗಳು. ಪ್ರತಿ ಬಿಂದುವಿಗೆ ಒಂದು ಸಂಖ್ಯೆ. ಚಿತ್ರ ಎಂದರೆ ಸಂಖ್ಯೆಗಳ ಪಟ್ಟಿ ಎಂಬ ಹೊಸ ಯುಗ ಅಲ್ಲಿಂದ ತೆರೆಯಿತು.

ಈ ಬಿಂದುಗಳನ್ನೇ ಪಿಕ್ಸೆಲ್ ಎನ್ನುತ್ತೇವೆ. ಬಣ್ಣದ ಚಿತ್ರದ ಒಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆಗಳು, ಅಂದರೆ ಮೂರು ಬೈಟ್ ಬೇಕು. ಅಡ್ಡ 640, ಉದ್ದ 480 ಪಿಕ್ಸೆಲ್‌ಗಳ ಒಂದು ಸಾಧಾರಣ ಚಿತ್ರಕ್ಕೆ 9,21,600 ಬೈಟ್ ಆಯಿತು. ಒಂದು ಬೈಟ್‌ಗೆ ಎಂಟು ಬಿಟ್. ಆದ್ದರಿಂದ 73,72,800 ಬಿಟ್.

ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲದ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಟೆಲಿಫೋನ್ ತಂತಿಗೆ ಜೋಡಿಸಿದ ಮೋಡೆಮ್ ಸೆಕೆಂಡಿಗೆ 28,800 ಬಿಟ್ ಸಾಗಿಸಿದರೆ ಈ ಒಂದು ಚಿತ್ರ ಬರಲು ಎಷ್ಟು ಹೊತ್ತು ಬೇಕು? ಭಾಗಿಸಿ ನೋಡಿ: 256 ಸೆಕೆಂಡು. ನಾಲ್ಕು ನಿಮಿಷ ಹದಿನಾರು ಸೆಕೆಂಡು! ಅದೇ ಚಿತ್ರವನ್ನು ಇಪ್ಪತ್ತನೇ ಒಂದು ಭಾಗಕ್ಕೆ ಕುಗ್ಗಿಸಿದರೆ ಹದಿಮೂರು ಸೆಕೆಂಡೂ ಬೇಡ. ನಾನು ಬಿ.ಎಸ್ಸಿ. ಓದುತ್ತಿದ್ದಾಗ ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟೆಂದು ಹಣ ಕೊಟ್ಟು ಕೂರುತ್ತಿದ್ದೆವು. ಚಿತ್ರ ಮೇಲಿನಿಂದ ಕೆಳಕ್ಕೆ ಪರದೆ ಬಿಚ್ಚಿದಂತೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಕುಗ್ಗಿಸುವ ಕಲೆ ಇಲ್ಲದಿದ್ದರೆ ಜಾಲತಾಣಗಳಲ್ಲಿ ಅಕ್ಷರ ಮಾತ್ರ ಇರುತ್ತಿತ್ತು.

ಬೆಂಗಳೂರಿನ ನಾಸಿರ್ ಅಹ್ಮದ್

ಆ ಕಲೆಯ ಹೃದಯಭಾಗವನ್ನು ಕೊಟ್ಟವರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 1961ರಲ್ಲಿ ಅಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಿಂದ ಪದವಿ ಪಡೆದು, ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಡಾಕ್ಟರೇಟ್ ಮುಗಿಸಿದರು. ಮುಂದೆ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು.

ಅವರು ಹಿಡಿದ ದಾರಿಯ ಮೊದಲ ಕಲ್ಲನ್ನು ನೆಟ್ಟವರು ಫ್ರಾನ್ಸಿನ ಜೋಸೆಫ್ ಫೂರಿಯೇ. ಕಾದ ಲೋಹದಲ್ಲಿ ಶಾಖ ಹೇಗೆ ಹರಡುತ್ತದೆ ಎಂಬುದನ್ನು ಅರಿಯಲು ಹೊರಟ ಫೂರಿಯೇ, ಎಂಥ ಏರಿಳಿತವನ್ನೂ ಸರಳ ಅಲೆಗಳನ್ನು ಕೂಡಿಸಿ ಕಟ್ಟಬಹುದೆಂದು 1807ರಲ್ಲಿ ಮಂಡಿಸಿ, 1822ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ತಂಬೂರಿಯ ಒಂದು ತಂತಿಯ ನಾದದಲ್ಲಿ ಮೂಲಸ್ವರದ ಜೊತೆಗೆ ಹಲವು ಸೂಕ್ಷ್ಮ ಸ್ವರಗಳು ಬೆರೆತಿರುತ್ತವಲ್ಲ, ಹಾಗೆ. ಇದೇ ಫೂರಿಯೇ 1798ರಲ್ಲಿ ನೆಪೋಲಿಯನ್ನನ ಜೊತೆ ಈಜಿಪ್ಟಿಗೆ ಹೋಗಿ, ಅಲ್ಲಿನ ಪ್ರಾಚೀನ ಸ್ಮಾರಕಗಳನ್ನು ಪರಿಚಯಿಸುವ ಬೃಹತ್ ಗ್ರಂಥಕ್ಕೆ ಮುನ್ನುಡಿ ಬರೆದವರು. ಶಾಸನಗಳ ನಾಡನ್ನು ಕಣ್ಣಾರೆ ಕಂಡವರ ಗಣಿತ ಇಂದು ಶಾಸನಗಳ ಚಿತ್ರಕ್ಕೆ ಬಂದು ನಿಂತಿದೆ.

ಚಿತ್ರದ ಬಿಂದುಗಳನ್ನು ಅಲೆಗಳಾಗಿ ಬಿಡಿಸಿದರೆ, ಬಹುಪಾಲು ಮಾಹಿತಿ ಕೆಲವೇ ನಿಧಾನ ಅಲೆಗಳಲ್ಲಿ ತುಂಬಿಕೊಳ್ಳಬೇಕು. ಆಗ ಉಳಿದವನ್ನು ಬಿಡಬಹುದು. ಇದಕ್ಕೆ ಅತ್ಯುತ್ತಮವೆಂದು ಗೊತ್ತಿದ್ದ ವಿಧಾನವೊಂದು ಆಗಲೇ ಇತ್ತು. ಆದರೆ ಅದರಲ್ಲಿ ಪ್ರತಿಯೊಂದು ಬಗೆಯ ಚಿತ್ರಕ್ಕೂ ಹೊಸದಾಗಿ ಭಾರಿ ಲೆಕ್ಕ ಮಾಡಬೇಕಿತ್ತು. ‘ಕೊಸೈನ್’ ಅಲೆಗಳನ್ನು ಬಳಸಿದರೆ ಒಂದೇ ಸಿದ್ಧ ಸೂತ್ರ ಎಲ್ಲ ಚಿತ್ರಗಳಿಗೂ ಆದೀತೇ? 1972ರಲ್ಲಿ ನಾಸಿರ್ ಅಹ್ಮದ್ ಈ ಸಂಶೋಧನೆಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಹಣ ಕೋರಿದರು. ಹಣ ಸಿಗಲಿಲ್ಲ. ವಿಚಾರ ತೀರ ಸರಳವಾಯಿತು ಎಂಬರ್ಥದ ಅಭಿಪ್ರಾಯ ಪರಿಶೀಲಕರೊಬ್ಬರಿಂದ ಬಂದಿತ್ತೆಂದು ಅವರೇ ಮುಂದೆ ಬರೆದಿದ್ದಾರೆ.

ಅಲ್ಲಿನ ಅಧ್ಯಾಪಕರಿಗೆ ವರ್ಷಕ್ಕೆ ಒಂಬತ್ತು ತಿಂಗಳ ಸಂಬಳ. ಬೇಸಿಗೆಯ ಖರ್ಚಿಗೆ ಇಂಥ ಅನುದಾನವೇ ಆಧಾರ. ಮನೆಯವರ ಒತ್ತಾಸೆಯಿಂದ ಅವರು ಆ ಬೇಸಿಗೆಯನ್ನು ಅನುದಾನವಿಲ್ಲದೆಯೇ ಈ ಕೆಲಸಕ್ಕೆ ಕೊಟ್ಟರು. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸಿನಲ್ಲಿದ್ದ ಗೆಳೆಯ ಕೆ. ಆರ್. ರಾವ್ ಅವರೊಡನೆ ಪರೀಕ್ಷಿಸಿದಾಗ, ಸರಳ ಸೂತ್ರದ ಫಲ ಆ ಅತ್ಯುತ್ತಮ ವಿಧಾನಕ್ಕೆ ಬಹಳ ಹತ್ತಿರ ಬಂತು. ಮೂವರ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’, ಚಿಕ್ಕದಾಗಿ ಡಿಸಿಟಿ, ಎಂದು ಅದರ ಹೆಸರು. ಜೆಪೆಗ್ ಎಂಬ ಅಂತಾರಾಷ್ಟ್ರೀಯ ತಜ್ಞರ ಸಮಿತಿ 1986ರಲ್ಲಿ ರಚನೆಯಾಗಿ, ಡಿಸಿಟಿಯನ್ನೇ ಆಧಾರವಾಗಿಟ್ಟುಕೊಂಡು 1992ರಲ್ಲಿ ತನ್ನ ಮಾನಕವನ್ನು ಹೊರತಂದಿತು. ಮರುವರ್ಷವೇ ಬಂದ ಮೊಸಾಯಿಕ್ ಎಂಬ ತಂತ್ರಾಂಶ ಒಂದೇ ಪುಟದಲ್ಲಿ ಅಕ್ಷರ ಮತ್ತು ಚಿತ್ರಗಳನ್ನು ಒಟ್ಟಿಗೆ ತೋರಿಸಿ ಜನಪ್ರಿಯವಾಯಿತು. ಇಂದು ನಿಮ್ಮ ಮನೆಯ ಡಿಶ್ ಆಂಟೆನಾಕ್ಕೆ ಬರುವ ಚಿತ್ರದಲ್ಲಿಯೂ ಇದೇ ಕುಟುಂಬದ ಲೆಕ್ಕವಿದೆ. ಕುತೂಹಲಕ್ಕೆ ಹೇಳುತ್ತೇನೆ: 2021ರಲ್ಲಿ ಅಮೆರಿಕದ ಒಂದು ದೂರದರ್ಶನ ಧಾರಾವಾಹಿ ನಾಸಿರ್ ಅಹ್ಮದರ ಕಥೆಯನ್ನು ತನ್ನ ಒಂದು ಕಂತಿನಲ್ಲಿ ಹೆಣೆಯಿತು.

ಶಹಾಬಾದ ಕಲ್ಲಿನ ನೆಲ

ಈಗ ಲೆಕ್ಕ ಹೇಗೆ ನಡೆಯುತ್ತದೆ ನೋಡೋಣ. ನೀವು ಸೇಡಂ, ವಾಡಿ, ಶಹಾಬಾದಗಳ ಮನೆಗಳಲ್ಲಿ ಬೆಳೆದವರಾದರೆ ನಿಮ್ಮ ಕಾಲ ಕೆಳಗೇ ಇದರ ಮಾದರಿ ಇದೆ. ನಾವು ಪರ್ಸಿ ಎನ್ನುವ ಶಹಾಬಾದ ಕಲ್ಲನ್ನು ಚೌಕಾಕಾರ ಕೊಯ್ದು ನೆಲಕ್ಕೆ ಹಾಸುತ್ತಾರಲ್ಲ, ಜೆಪೆಗ್ ಕೂಡ ಚಿತ್ರವನ್ನು ಹಾಗೆಯೇ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕದಲ್ಲಿ ಅಡ್ಡ ಎಂಟು, ಉದ್ದ ಎಂಟು, ಒಟ್ಟು 64 ಪಿಕ್ಸೆಲ್.

ಕತ್ತರಿಸುವ ಮೊದಲು ದೂರದರ್ಶನದ ಹಳೆಯ ಉಪಾಯದಂತೆ ಬೆಳಕನ್ನೂ ಬಣ್ಣವನ್ನೂ ಬೇರ್ಪಡಿಸುತ್ತದೆ. ಸಾಮಾನ್ಯವಾಗಿ ಬೆಳಕನ್ನು ಪೂರ್ತಿ ಇಟ್ಟುಕೊಂಡು, ಎರಡು ಬಣ್ಣದ ಪಟ್ಟಿಗಳಲ್ಲಿ ಕಾಲುಭಾಗ ಮಾತ್ರ ಇಟ್ಟುಕೊಳ್ಳುತ್ತದೆ. 100, 100, 100 ಎಂದು 300 ಇದ್ದದ್ದು 100, 25, 25 ಎಂದು 150ಕ್ಕೆ ಇಳಿಯಿತು. ಅರ್ಧ ಭಾರ ಇಲ್ಲಿಯೇ ಹೋಯಿತು.

ಬಳಿಕ ಒಂದೊಂದು ಚೌಕದ 64 ಸಂಖ್ಯೆಗಳನ್ನು 64 ಅಲೆಗಳ ಪ್ರಮಾಣವಾಗಿ ಡಿಸಿಟಿ ಬದಲಿಸುತ್ತದೆ. ಮೊದಲನೆಯದು ಚೌಕದ ಸರಾಸರಿ ಬೆಳಕು. ಉಳಿದವು ನಿಧಾನ ಏರಿಳಿತದಿಂದ ಅತಿ ಸೂಕ್ಷ್ಮ ಏರಿಳಿತದವರೆಗೆ. ನಯವಾದ ಕಲ್ಲಿನ ಮೇಲಿನ ಒಂದು ಸಾಲು 120, 121, 122, 123, 124, 125, 126, 127 ಎಂದು ಇದೆ ಅನ್ನಿ. ಸರಾಸರಿ ಒಂದು, ನಿಧಾನದ ಅಲೆ ಒಂದು. ಎರಡೇ ಸಂಖ್ಯೆಗಳಲ್ಲಿ ಹೆಚ್ಚೂಕಡಿಮೆ ಎಲ್ಲವನ್ನೂ ಹೇಳಿದಂತಾಯಿತು.

ಮುಂದಿನದು ಚಿಲ್ಲರೆ ಬಿಡುವ ಕೆಲಸ. ಅಂಗಡಿಯವರು ಲೆಕ್ಕ ತೀರಿಸುವಾಗ ಚಿಲ್ಲರೆ ಬಿಡುತ್ತಾರಲ್ಲ, ಹಾಗೆ. ಪ್ರತಿ ಅಲೆಯ ಪ್ರಮಾಣವನ್ನು ಒಂದು ಗೊತ್ತಾದ ಸಂಖ್ಯೆಯಿಂದ ಭಾಗಿಸಿ, ಹತ್ತಿರದ ಪೂರ್ಣಾಂಕಕ್ಕೆ ತರುತ್ತದೆ. ಭಾಜಕ 10 ಆದರೆ 47 ಎಂಬುದು 5 ಆಗುತ್ತದೆ. 3 ಎಂಬುದು ಸೊನ್ನೆಯಾಗುತ್ತದೆ. ಸೂಕ್ಷ್ಮ ಅಲೆಗಳಿಗೆ ದೊಡ್ಡ ಭಾಜಕ. ಆದ್ದರಿಂದ ಅವುಗಳಲ್ಲಿ ಹೆಚ್ಚಿನವು ಸೊನ್ನೆಯಾಗಿ ಹೋಗುತ್ತವೆ. ಒಮ್ಮೆ ಸೊನ್ನೆಯಾದದ್ದು ಮತ್ತೆ ಮೂರಾಗಲಾರದು. ಕುಗ್ಗಿಸುವ ತಂತ್ರಾಂಶದಲ್ಲಿ ನೀವು ‘ಗುಣಮಟ್ಟ’ ಎಂದು 90 ಅಥವಾ 50 ಆರಿಸುವಾಗ ನಿಜವಾಗಿ ಬದಲಾಯಿಸುವುದು ಈ ಭಾಜಕಗಳನ್ನೇ.

ಕೊನೆಯಲ್ಲಿ ಉಳಿದ ಸಂಖ್ಯೆಗಳನ್ನು ಕಟ್ಟಿಡಬೇಕು. ಸಾಲು ಸೊನ್ನೆಗಳನ್ನು ‘ಇಷ್ಟು ಸೊನ್ನೆ’ ಎಂದು ಎಣಿಸಿ ಇಟ್ಟರಾಯಿತು. ಪದೇ ಪದೇ ಬರುವುದಕ್ಕೆ ಚಿಕ್ಕ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದ ಸಂಕೇತ. ಹಿಂದೆ ರೈಲು ನಿಲ್ದಾಣಗಳಲ್ಲಿ ಬಡಿಯುತ್ತಿದ್ದ ಮೋರ್ಸ್ ಸಂಕೇತದಲ್ಲಿ ಇಂಗ್ಲಿಷಿನ ‘ಇ’ಗೆ ಒಂದೇ ಚುಕ್ಕೆ ಇದ್ದದ್ದೂ ಇದೇ ಕಾರಣಕ್ಕೆ. ಇದಕ್ಕೆ ಅತ್ಯಂತ ಮಿತವ್ಯಯದ ಕ್ರಮವನ್ನು ಕಂಡುಹಿಡಿದವರು ಡೇವಿಡ್ ಹಫ್‌ಮನ್, 1952ರಲ್ಲಿ ಪ್ರಕಟವಾಯಿತು. ಅಂತಿಮ ಪರೀಕ್ಷೆ ಬರೆಯುವ ಬದಲು ಪ್ರಬಂಧ ಬರೆದು ಒಪ್ಪಿಸಬಹುದೆಂದು ಗುರುಗಳು ಹೇಳಿದ್ದರಂತೆ. ಪರೀಕ್ಷೆ ತಪ್ಪಿಸಲು ಹೊರಟ ವಿದ್ಯಾರ್ಥಿ ಜಗತ್ತಿಗೇ ಉಪಯೋಗವಾಗುವ ಕೆಲಸ ಮಾಡಿದ!

ಎಲೆ, ಆಕಾಶ, ಅಕ್ಷರ

ಇನ್ನು ಒಂದು ಪ್ರಯೋಗ. ಚಿಂಚೋಳಿಯ ಕಾಡಿನ ಒತ್ತಾದ ಎಲೆಗಳ ಒಂದು ಚಿತ್ರ, ವಾಡಿಯ ಮೇಲಿನ ಬರಿ ಆಕಾಶದ ಒಂದು ಚಿತ್ರ, ಎರಡನ್ನೂ ಒಂದೇ ಅಳತೆಯಲ್ಲಿ, ಒಂದೇ ಗುಣಮಟ್ಟದಲ್ಲಿ ಉಳಿಸಿ. ಪಿಕ್ಸೆಲ್ ಸಂಖ್ಯೆ ಒಂದೇ ಆದರೂ ಕಾಡಿನ ಕಡತ ಆಕಾಶದ ಕಡತಕ್ಕಿಂತ ಬಹಳ ದೊಡ್ಡದಾಗಿರುತ್ತದೆ. ಎಲೆಗಳಲ್ಲಿ ಸೂಕ್ಷ್ಮ ಏರಿಳಿತ ಹೆಚ್ಚು, ಸೊನ್ನೆಗಳು ಕಡಿಮೆ. ಗುಣಮಟ್ಟವನ್ನು ತೀರ ಇಳಿಸಿದರೆ ಆಕಾಶದಲ್ಲಿ ಚೌಕಗಳ ಸಂದುಗಳು ಎದ್ದು ಕಾಣತೊಡಗುತ್ತವೆ, ಸರಿಯಾಗಿ ಕೂರಿಸದ ಪರ್ಸಿ ನೆಲದ ಹಾಗೆ.

ಈಗ ಶಾಸನಕ್ಕೆ ಬನ್ನಿ. ಅಕ್ಷರದ ಕುಳಿ ಎಂದರೆ ನಯವಾದ ಕಲ್ಲಿನಲ್ಲಿ ಥಟ್ಟನೆ ಬರುವ ಕತ್ತಲೆ: 120, 120, 120, 50, 120, 120, 120, 120. ಇಂಥ ಹಠಾತ್ ಬದಲಾವಣೆಯನ್ನು ಎರಡು ಅಲೆಗಳಲ್ಲಿ ಹೇಳಲಾಗದು. ಸೂಕ್ಷ್ಮವಾದ ಅಲೆಗಳೆಲ್ಲ ಬೇಕು. ಆದರೆ ಚಿಲ್ಲರೆ ಎಂದು ಬಿಟ್ಟದ್ದು ಅವನ್ನೇ. ಫೋನಿನಿಂದ ಕಳಿಸುವಾಗ ಚಿತ್ರದ ಅಳತೆ ಕುಗ್ಗಿ, ಗುಣಮಟ್ಟವೂ ಇಳಿದಿತ್ತು. ಅರಸನ ಮುಖ ದೊಡ್ಡದು, ಉಳಿಯಿತು. ಓಕಾರದ ಗೆರೆ ಸಣ್ಣದು; ಹೋಯಿತು. ಹುಡುಗನ ಪ್ರಶ್ನೆಗೆ ಇದೇ ಉತ್ತರ.

ಪಡಿಯಚ್ಚಿನ ಮಾತನ್ನು ಈಗ ನೆನಪಿಸಿಕೊಳ್ಳಿ. ಪಡಿಯಚ್ಚು ನೋಟವನ್ನು ಬಿಟ್ಟು ಅಕ್ಷರವನ್ನು ಇಟ್ಟುಕೊಂಡಿತು. ಜೆಪೆಗ್ ನೋಟವನ್ನು ಇಟ್ಟುಕೊಂಡು ಅಕ್ಷರವನ್ನು ಬಿಟ್ಟಿತು. ಎರಡೂ ಕುಗ್ಗಿಸುವ ಕ್ರಮಗಳೇ. ಆದರೆ ಮೊದಲನೆಯದರಲ್ಲಿ ಏನನ್ನು ಬಿಡಬೇಕೆಂದು ತೀರ್ಮಾನಿಸಿದವರು ಕಲ್ಲಿನ ಮುಂದೆ ಕೂತ ಸಂಶೋಧಕರು. ಎರಡನೆಯದರಲ್ಲಿ, ನಾವು ಎಚ್ಚರ ತಪ್ಪಿದರೆ, ತೀರ್ಮಾನ ಯಂತ್ರದ್ದಾಗುತ್ತದೆ. ಅದಕ್ಕೆ ಗೊತ್ತಿರುವುದು ಕಣ್ಣಿಗೆ ಏನು ಸಾಕು ಎಂಬುದು ಮಾತ್ರ. ಓದುವವರಿಗೆ ಏನು ಬೇಕು ಎಂಬುದು ಗೊತ್ತಿಲ್ಲ. ಓಕಾರ ಹೋದರೆ ‘ಸೋ’ ಎಂಬುದು ‘ಸ’ ಆಗುತ್ತದೆ. ಹೆಸರೊಂದು ಬೇರೆಯಾಗಲು ಅಷ್ಟು ಸಾಕು.

ಜಾಲತಾಣಕ್ಕೆ ಚಿತ್ರ ಸಿದ್ಧಪಡಿಸುವ ಬಗೆ

ನಿಮ್ಮ ಕಾಲೇಜಿನ ಜಾಲತಾಣಕ್ಕೆ ಸೇಡಂ ತಾಲ್ಲೂಕಿನ ಮಳಖೇಡದ ಬಗ್ಗೆ ಪುಟವೊಂದನ್ನು ಮಾಡುತ್ತೀರಿ ಎನ್ನೋಣ. ಕಾಗಿಣಾ ನದಿಯ ದಡದ ಆ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಆಳಿದ ನೆಲ. ಕೆಲಸವನ್ನು ಈ ಕ್ರಮದಲ್ಲಿ ಮಾಡಿ.

ಮೊದಲು, ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಚಿತ್ರ ತೆಗೆಯಿರಿ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಕೆತ್ತನೆಯ ನೆರಳು ಸತ್ತುಹೋಗುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಕಲ್ಲಿಗೆ ಸುಣ್ಣ, ಸೀಮೆಸುಣ್ಣ, ಎಣ್ಣೆ ಯಾವುದನ್ನೂ ಬಳಿಯಬೇಡಿ.

ಎರಡನೆಯದಾಗಿ, ಮೂಲ ಕಡತವನ್ನು ಹಾಗೆಯೇ ಎರಡು ಬೇರೆ ಬೇರೆ ಜಾಗಗಳಲ್ಲಿ ಇಡಿ. ಅದನ್ನು ತಿದ್ದಬೇಡಿ. ಮುಂದಿನ ಕೆಲಸವೆಲ್ಲ ಪ್ರತಿಯ ಮೇಲೆ ನಡೆಯಲಿ.

ಮೂರನೆಯದಾಗಿ, ಪ್ರತಿಯನ್ನು ನೆಟ್ಟಗೆ ಮಾಡಿ, ಬೇಡದ ಅಂಚನ್ನು ಕತ್ತರಿಸಿ, ಅಳತೆ ಇಳಿಸಿ. ಫೋನಿನ ಚಿತ್ರ 4,000 ಅಡ್ಡ, 3,000 ಉದ್ದ ಇದ್ದರೆ ಅದರಲ್ಲಿ 120 ಲಕ್ಷ ಪಿಕ್ಸೆಲ್‌ಗಳಿವೆ. ಪುಟಕ್ಕೆ 1,200 ಅಡ್ಡ, 900 ಉದ್ದ ಸಾಕಾದರೆ 10.8 ಲಕ್ಷ, ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಭಾರ ಇಳಿಸಲು ಇದೇ ಮೊದಲ ದಾರಿ; ಗುಣಮಟ್ಟ ಇಳಿಸುವುದು ಆಮೇಲಿನ ಮಾತು. ಅಳತೆ ಇಳಿಸಿದ ಮೇಲೆ ಅಂಚುಗಳನ್ನು ಸ್ವಲ್ಪವೇ ಮೊನಚು ಮಾಡಿ.

ನಾಲ್ಕನೆಯದಾಗಿ, ಒಮ್ಮೆ ಮಾತ್ರ ಜೆಪೆಗ್ ಆಗಿ ಉಳಿಸಿ. ಸಾಮಾನ್ಯ ನೋಟಕ್ಕೆ 75ರಿಂದ 85ರ ಗುಣಮಟ್ಟ ಸಾಕು. ತಿದ್ದಿ, ಉಳಿಸಿ, ಮತ್ತೆ ತಿದ್ದಿ ಉಳಿಸಿದರೆ ಪ್ರತಿ ಸಲವೂ ಹೊಸದಾಗಿ ಚಿಲ್ಲರೆ ಹೋಗುತ್ತದೆ. ಅಕ್ಷರಗಳಿದ್ದರೆ ಇಡೀ ಕಲ್ಲಿನದೊಂದು, ಅಕ್ಷರಗಳದೇ ಹತ್ತಿರದ್ದೊಂದು ಎಂದು ಎರಡು ಚಿತ್ರ ಹಾಕಿ. ರೇಖಾಚಿತ್ರ, ನಕ್ಷೆ, ಪಡಿಯಚ್ಚಿನ ಪ್ರತಿಗಳಿಗೆ ಏನನ್ನೂ ಬಿಡದೆ ಕಟ್ಟಿಡುವ ಪಿಎನ್‌ಜಿ ಎಂಬ ಕ್ರಮ 1996ರಿಂದ ಇದೆ. 2010ರಲ್ಲಿ ಬಂದ ವೆಬ್‌ಪಿಯಂಥ ಕ್ರಮಗಳು ಇನ್ನೂ ಚಿಕ್ಕ ಕಡತ ಕೊಡುತ್ತವೆ. ಆದರೆ ಬಿಟ್ಟದ್ದು ಬಿಟ್ಟದ್ದೇ ಎಂಬ ನಿಯಮ ಅಲ್ಲಿಯೂ ತಪ್ಪದು.

ಕೊನೆಯದಾಗಿ, ಚಿತ್ರದ ಕೆಳಗೆ ಊರು, ದಿನಾಂಕ, ತೆಗೆದವರ ಹೆಸರು ಬರೆಯಿರಿ. ಫೋನಿನ ಚಿತ್ರದೊಳಗೆ ಸ್ಥಳದ ಗುರುತು ಅಡಗಿರುವುದುಂಟು. ಹೊಲದಲ್ಲಿ ಕಾವಲಿಲ್ಲದೆ ನಿಂತ ವಿಗ್ರಹದ ಚಿತ್ರವಾದರೆ ಆ ಗುರುತನ್ನು ತೆಗೆದೇ ಪ್ರಕಟಿಸಿ. ಕಳ್ಳರೂ ಜಾಲತಾಣ ನೋಡುತ್ತಾರೆ.

ನಾಗಾವಿಯ ಆರು ಮಂದಿ

ಮುಗಿಸುವ ಮುನ್ನ ಮತ್ತೆ ಚಿತ್ತಾಪುರಕ್ಕೆ. ನಾಗಾವಿಯಲ್ಲಿ ಸಾವಿರ ವರ್ಷದ ಹಿಂದೆ ದೊಡ್ಡ ಘಟಿಕಾಸ್ಥಾನವಿತ್ತು. 1058ರ ಅಲ್ಲಿನ ಶಾಸನ ವೇದ ಓದುವ 200 ಮಂದಿ, ಶಾಸ್ತ್ರ ಓದುವ 52 ಮಂದಿ ವಿದ್ಯಾರ್ಥಿಗಳನ್ನು ಹೇಳುತ್ತದೆ. ಅವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೇಳುತ್ತದೆ. ಗ್ರಂಥಗಳನ್ನು ಕಾಯುವುದೇ ಅವರ ಕೆಲಸ. ಓದುವವರು ಪ್ರತಿ ಮಾಡಿಕೊಳ್ಳಬಹುದು, ಒಯ್ಯಬಹುದು. ಮೂಲ ಮಾತ್ರ ಭಂಡಾರದಲ್ಲಿ ಭದ್ರವಾಗಿರಬೇಕು. ಕಾಯುವವರಿಗೂ ಸಂಬಳ ಕೊಡಬೇಕು ಎಂಬ ವಿವೇಕ ಆ ಕಾಲಕ್ಕಿತ್ತು.

ಜಾಲತಾಣದಲ್ಲಿ ಹಾಕುವುದು ಪ್ರತಿ. ಅದು ಹಗುರಾಗಿರಲಿ, ಹಳ್ಳಿಯ ನಿಧಾನ ಸಂಪರ್ಕದಲ್ಲಿಯೂ ಬೇಗ ತೆರೆಯಲಿ. ಮೂಲವನ್ನು ಯಾರು ಇಟ್ಟುಕೊಂಡಿದ್ದಾರೆ ಎಂದು ನಿಮ್ಮ ಕಾಲೇಜಿನಲ್ಲಿ, ನಿಮ್ಮ ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಅಜ್ಜನ ಮದುವೆಯ ಚಿತ್ರಕ್ಕೂ ಅದೇ ಪ್ರಶ್ನೆ.

ಆ ವಿದ್ಯಾರ್ಥಿಯ ಅದೃಷ್ಟ, ನನ್ನದೂ ಹೌದು: ಮೂಲ ಚಿತ್ರ ಅವನ ಫೋನಿನಲ್ಲಿಯೇ ಇತ್ತು. ಅದನ್ನು ಚಿತ್ರವಾಗಿ ಅಲ್ಲದೆ ಕಡತವಾಗಿ, ಕುಗ್ಗಿಸದೆ ಕಳಿಸು ಎಂದೆ. ಸಂಜೆ ಬಂತು. ಹಿಗ್ಗಿಸಿ ನೋಡಿದೆ. ಓಕಾರದ ಎರಡು ಪುಟ್ಟ ಗೆರೆಗಳೂ ಅಲ್ಲೇ ಇದ್ದವು.